ಹಕ್ಕಲು ಯಾರದು?



ಮಾಗಡಿ ರಸ್ತೆಯ ಬಟ್ಟೆ ಅಂಗಡಿಗಾಗಲಿ, ವಿಜಯನಗರದ ದೊಡ್ಡ ಮಳಿಗೆಗಾಗಲಿ ಇಂದು ಹೋದರೆ ಕೆಲವು ಸರಕುಗಳ ಮೇಲೆ ಹಸಿರು ಎಲೆಯ ಗುರುತೊಂದು ಕಾಣುತ್ತದೆ. ಶಾಂಪೂ ಬಾಟಲಿಯ ಹಿಂಬದಿಯಲ್ಲಿ, ಅಂಗಿಯ ಕಾಲರಿನ ಚೀಟಿಯಲ್ಲಿ, ಮಕ್ಕಳ ನೋಟ್ ಪುಸ್ತಕದ ರಟ್ಟಿನ ಮೇಲೆ ‘ಇದು ಮರುಬಳಕೆಯ ವಸ್ತುವಿನಿಂದ ತಯಾರಾದದ್ದು’ ಎಂಬ ಬರಹ ಇರುತ್ತದೆ. ತಯಾರಿಸಿದ ಕಂಪನಿಗೆ ಒಳ್ಳೆಯ ಹೆಸರು ಬರುತ್ತದೆ, ಕೊಂಡವರ ಮನಸ್ಸಿಗೂ ಒಂದಿಷ್ಟು ನೆಮ್ಮದಿ ಸಿಗುತ್ತದೆ. ಆದರೆ ಕಂಪನಿ ಮತ್ತು ಗಿರಾಕಿ ಇಬ್ಬರ ನಡುವೆ ಮೂರನೆಯವರೊಬ್ಬರು ಇದ್ದಾರೆ. ಆ ವಸ್ತುವನ್ನು ಕಸದ ರಾಶಿಯಿಂದ ಬಗ್ಗಿ ಎತ್ತಿದ ಕೈ ಅವರದು. ಈ ಒಳ್ಳೆಯ ಹೆಸರಿನಲ್ಲಿ, ಈ ನೆಮ್ಮದಿಯಲ್ಲಿ ಅವರ ಪಾಲು ಎಷ್ಟು? ಇದು ಅರ್ಥಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನ್ಯಾಯದ ಪ್ರಶ್ನೆ.

ಆ ಮೂರನೆಯವರನ್ನು ಕಾಣಲು ಗೋವಿಂದರಾಜನಗರದವರು ಬಹು ದೂರ ಹೋಗಬೇಕಾಗಿಲ್ಲ. ಮೈಸೂರು ರಸ್ತೆಯ ನಾಯಂಡಹಳ್ಳಿ ತನಕ ಹೋದರೆ ಸಾಕು. ಬೆಂಗಳೂರಿನ ಹಳೇ ಪ್ಲಾಸ್ಟಿಕ್ ವ್ಯಾಪಾರದ ದೊಡ್ಡ ಕೇಂದ್ರಗಳಲ್ಲಿ ಅದೂ ಒಂದು. ಪೇಟೆ ಕಡೆಯ ಜಾಲಿ ಮೊಹಲ್ಲಾ ಇನ್ನೊಂದು. ನಾಯಂಡಹಳ್ಳಿ, ಗಂಗೊಂಡನಹಳ್ಳಿಯ ಗೋದಾಮುಗಳಲ್ಲಿ ಹೆಂಗಸರು ನೆಲದ ಮೇಲೆ ಕುಳಿತು ಬಾಟಲಿ ಬೇರೆ, ಮುಚ್ಚಳ ಬೇರೆ, ಒಡೆದ ಬಕೆಟ್ ಬೇರೆ, ಹಾಲಿನ ಕವರ್ ಬೇರೆ ಎಂದು ವಿಂಗಡಿಸುತ್ತಾರೆ. ಬಣ್ಣಕ್ಕೊಂದು ರಾಶಿ. ಪ್ಲಾಸ್ಟಿಕ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎಷ್ಟೋ ಜಾತಿಗಳಿವೆ. ಒಂದು ಜಾತಿ ಇನ್ನೊಂದರೊಡನೆ ಬೆರೆತರೆ ಇಡೀ ಪಾಕ ಕೆಟ್ಟುಹೋಗುತ್ತದೆ. ತುಂಡನ್ನು ಮುರಿದು ಅದರ ಸದ್ದು ಕೇಳಿ, ಸಂದೇಹ ಬಂದರೆ ಸುಟ್ಟು ವಾಸನೆ ನೋಡಿ, ಇದು ಇಂಥದ್ದೇ ಎಂದು ಹೇಳಬಲ್ಲವರು ಅಲ್ಲಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದವರ ವಿದ್ಯೆ ಇದು. ಹೀಗೆ ಬೇರ್ಪಡಿಸಿದ್ದನ್ನು ಪುಡಿಮಾಡಿ, ತೊಳೆದು, ಒಣಗಿಸಿ, ಕರಗಿಸಿ, ಶಾವಿಗೆಯಂತೆ ಎಳೆದು ಕತ್ತರಿಸಿದರೆ ಅಕ್ಕಿಕಾಳಿನ ಗಾತ್ರದ ತುಣುಕುಗಳಾಗುತ್ತವೆ. ಅವೇ ಮತ್ತೆ ಕಾರ್ಖಾನೆಗೆ ಹೋಗಿ ಪೈಪು, ಬಕೆಟ್, ಚಪ್ಪಲಿಗಳಾಗಿ ಅಂಗಡಿಗೆ ಬರುತ್ತವೆ.

ಇದೆಲ್ಲ ಪವಿತ್ರವಾದ ಕೆಲಸ ಎಂದು ಹೊಗಳಿ ಮುಂದೆ ಹೋಗುವುದು ಸರಿಯಲ್ಲ. ಕರಗುವ ಪ್ಲಾಸ್ಟಿಕ್ಕಿನ ಹೊಗೆ ಅಲ್ಲಿ ದುಡಿಯುವವರ ಎದೆಗೇ ಹೋಗುತ್ತದೆ. ತೊಳೆದ ನೀರು ಹರಿದು ಸೇರುವ ವೃಷಭಾವತಿ ಮೊದಲೇ ಕಪ್ಪಾಗಿದೆ. ಹಸಿರು ಎಲೆಯ ಗುರುತು ಅಂಗಡಿಯಲ್ಲಿ ಎಷ್ಟೇ ಚಂದ ಕಂಡರೂ ಅದರ ಬೇರು ಇಂಥ ನೆಲದಲ್ಲಿದೆ.

ನಮ್ಮ ಮನೆಗಳಿಗೆ ಈ ವಿಷಯ ಹೊಸದೇನೂ ಅಲ್ಲ. ಹಾಲಿನ ಕವರನ್ನು ತೊಳೆದು ಕಿಟಕಿಯ ಸರಳಿಗೆ ಸಿಕ್ಕಿಸಿ ಒಣಗಿಸಿ, ತಿಂಗಳಿಗೊಮ್ಮೆ ಗುಜರಿಗೆ ಹಾಕುತ್ತಿದ್ದ ತಾಯಂದಿರು ಎಷ್ಟು ಮಂದಿ! ಹಳೇ ಸೀರೆ, ಪ್ಯಾಂಟುಗಳಿಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸಿನೊಡನೆ ಬಾಗಿಲಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿದ್ದನ್ನು ಯಾರು ಮರೆತಾರು? ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆಗಳೇ ಕೌದಿಯಾಗಿ ಮೂರು ತಲೆಮಾರನ್ನು ಬೆಚ್ಚಗಿಟ್ಟವು. ಇಲ್ಲಿ ಒಂದು ಮಾತು ಹೇಳಬೇಕು. ಹಳೆಯದನ್ನು ಹಾಗೆಯೇ ಮತ್ತೆ ಬಳಸುವುದಕ್ಕೂ, ಅದನ್ನು ಕರಗಿಸಿ ಬೇರೊಂದು ಮಾಡುವುದಕ್ಕೂ ನಾವು ‘ಮರುಬಳಕೆ’ ಎಂಬ ಒಂದೇ ಪದ ಉಪಯೋಗಿಸುತ್ತೇವೆ. ವ್ಯಾಪಾರಿಗಳಿಗೆ ಈ ಗೊಂದಲ ಅನುಕೂಲವೇ. ಸೋಡಾ ಬಾಟಲಿ ಅಂಗಡಿಗೆ ಹಿಂತಿರುಗಿ, ತೊಳೆಸಿಕೊಂಡು, ಮತ್ತೆ ತುಂಬಿಸಿಕೊಂಡು ಬರುತ್ತಿದ್ದ ಕಾಲದಲ್ಲಿ ಕಸವೇ ಹುಟ್ಟುತ್ತಿರಲಿಲ್ಲ. ಬಾಟಲಿಯನ್ನು ಎಸೆಯಲೆಂದೇ ಮಾಡಿ, ಬೇರೆಯವರು ಆಯ್ದುಕೊಟ್ಟ ಮೇಲೆ ಅದನ್ನು ಕರಗಿಸಿ, ಹಸಿರು ಎಲೆಯ ಮುದ್ರೆ ಒತ್ತುವುದು ಇನ್ನೊಂದು ಕಥೆ. ಇವೆರಡಕ್ಕೂ ಒಂದೇ ಪುಣ್ಯ ಎಂದು ನಾನು ಒಪ್ಪಲಾರೆ.

ಪವಿತ್ರ ಬೈಬಲಿನಲ್ಲಿ ರೂತಳ ಕಥೆ ನಿಮಗೆಲ್ಲ ಗೊತ್ತು. ಮೋವಾಬಿನಿಂದ ಅತ್ತೆಯೊಡನೆ ಬೆತ್ಲೆಹೇಮಿಗೆ ಬಂದ ಆ ಬಡ ವಿಧವೆ ಹೊಟ್ಟೆಪಾಡಿಗಾಗಿ ಬೇರೆಯವರ ಹೊಲದಲ್ಲಿ ಹಕ್ಕಲಾಯಲು ಹೋದಳು. ಕೊಯ್ಲಿನ ನಂತರ ಹೊಲದಲ್ಲಿ ಉಳಿಯುವ ತೆನೆಗೆ ಕನ್ನಡದಲ್ಲಿ ಹಕ್ಕಲು ಎನ್ನುತ್ತೇವೆ. ಯಾಜಕಕಾಂಡದ ಕಟ್ಟಳೆಯ ಪ್ರಕಾರ ಹೊಲದ ಅಂಚನ್ನು ಪೂರ್ತಿ ಕೊಯ್ಯುವಂತಿಲ್ಲ, ಬಿದ್ದ ತೆನೆಯನ್ನು ಯಜಮಾನ ಬಾಚಿಕೊಳ್ಳುವಂತಿಲ್ಲ. ಅದು ಬಡವರದು, ಪರದೇಶಿಗಳದು. ಗಮನಿಸಿ, ಅದು ಯಜಮಾನನ ದಾನ ಎಂದು ಕಟ್ಟಳೆ ಹೇಳುವುದಿಲ್ಲ. ಅವನು ಮುಟ್ಟಲೇಬಾರದ ಪಾಲು ಎನ್ನುತ್ತದೆ. ಚಿಂದಿ ಆಯುವವರು ನಮ್ಮ ಊರಿನ ಹಕ್ಕಲಾಯುವವರು. ಎರಡೂ ಕಡೆ ಕ್ರಿಯಾಪದ ಒಂದೇ, ಬಗ್ಗುವ ಬೆನ್ನೂ ಒಂದೇ. ಕಸಕ್ಕೆ ಬೆಲೆ ಇಲ್ಲದಿದ್ದಾಗ ಆ ಹಕ್ಕಲು ಅವರದೇ ಆಗಿತ್ತು. ಬೆಲೆ ಬಂದ ಮೇಲೆ?

ಬೆಲೆ ಬಂದದ್ದು ನಮ್ಮ ಕಣ್ಣೆದುರಿಗೇ. ಮಾವಳ್ಳಿಪುರದ ಹಳ್ಳಿಗರು ನಗರದ ಕಸ ಇನ್ನು ಬೇಡವೆಂದು ತಡೆದ ಮೇಲೆ 2012ರಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಕಸ ಕೊಳೆತು ನಾರಿತು. ಅದೇ ವರ್ಷ ಅಕ್ಟೋಬರ್ 1ರಿಂದ ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಅಂದಿನ ಬಿಬಿಎಂಪಿ ಕಡ್ಡಾಯ ಮಾಡಿತು. ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳು ಹುಟ್ಟಿಕೊಂಡವು. ಮನೆಮನೆಗೆ ಗಾಡಿ ಬರತೊಡಗಿತು. ಒಳ್ಳೆಯದೇ. ಆದರೆ ಗಾಡಿ ಮನೆಬಾಗಿಲಿಗೆ ಬಂದು ಕಸ ಒಯ್ದರೆ ಬೀದಿಯಲ್ಲಿ ಆಯುವವರಿಗೆ ಉಳಿಯುವುದೇನು? ಕಸವೇ ಐಶ್ವರ್ಯ ಎಂಬ ಹೊಸ ಮಂತ್ರ ಕೇಳಿಸಿದಾಗ ಆ ಐಶ್ವರ್ಯದ ಹೊಲಕ್ಕೆ ಬೇಲಿ ಬೀಳುವ ಅಪಾಯವೂ ಜೊತೆಗೇ ಬಂದಿತು.

ಬೇಲಿ ಪೂರ್ತಿ ಬೀಳದಂತೆ ತಡೆದದ್ದು ಆಯುವವರೇ ಸಂಘಟಿತರಾದದ್ದರಿಂದ. 2011ರಲ್ಲಿ ಲೋಕ ಅದಾಲತ್ ನೀಡಿದ ಸೂಚನೆಯಂತೆ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ಬೆಳಗಿನ ಜಾವ ಚೀಲ ಹೊತ್ತು ಹೋಗುವವರನ್ನು ಕಳ್ಳರೆಂದು ಹಿಡಿದು ಪ್ರಶ್ನಿಸುತ್ತಿದ್ದ ಊರಿನಲ್ಲಿ ಪಾಲಿಕೆಯ ಮುದ್ರೆ ಇರುವ ಚೀಟಿ ಎಂದರೆ ಸಣ್ಣ ಮಾತಲ್ಲ. ‘ಹಸಿರು ದಳ’ದಂಥ ಸಂಸ್ಥೆಯ ಬೆಂಬಲದಿಂದ ಒಣ ತ್ಯಾಜ್ಯ ಕೇಂದ್ರಗಳನ್ನು ನಡೆಸುವ ಕರಾರು ಅವರಲ್ಲಿ ಕೆಲವರ ಕೈಗೆ ಬಂದಿತು. ನಿನ್ನೆ ಆಯುತ್ತಿದ್ದವರು ಇಂದು ಲೆಕ್ಕದ ಪುಸ್ತಕ ಬರೆಯುತ್ತಾರೆ, ನಾಲ್ಕು ಜನಕ್ಕೆ ಸಂಬಳ ಕೊಡುತ್ತಾರೆ.

ಉದ್ಯಮಗಳ ವಿಷಯಕ್ಕೆ ಬರೋಣ. ದೊಡ್ಡ ಕಂಪನಿಯ ಯಜಮಾನರೊಬ್ಬರು ಹೀಗೆ ವಾದಿಸಬಹುದು: ‘ನಾನು ಮಾರುಕಟ್ಟೆಯ ದರ ಕೊಟ್ಟು ಹಳೇ ಪ್ಲಾಸ್ಟಿಕ್ ಕೊಳ್ಳುತ್ತೇನೆ. ಯಾರಿಗೂ ಮೋಸ ಮಾಡಿಲ್ಲ. ಇನ್ನೇನು ಬೇಕು?’ ವಾದದಲ್ಲಿ ಸುಳ್ಳಿಲ್ಲ. ಆದರೆ ಆ ದರ ಎಲ್ಲಿಂದ ಬರುತ್ತದೆ ನೋಡಿ. ಹೊಸ ಪ್ಲಾಸ್ಟಿಕ್ ಹುಟ್ಟುವುದು ಮುಖ್ಯವಾಗಿ ಕಚ್ಚಾ ತೈಲ ಮತ್ತು ಅನಿಲದಿಂದ. ತೈಲದ ಬೆಲೆ ಕುಸಿದರೆ ಹೊಸ ಪ್ಲಾಸ್ಟಿಕ್ ಅಗ್ಗವಾಗಿ ಹಳೆಯದನ್ನು ಕೇಳುವವರಿರುವುದಿಲ್ಲ. 2014ರ ಕೊನೆಯಲ್ಲಿ ಹಾಗಾಯಿತು. 2020ರಲ್ಲಿ ಮತ್ತೆ ಆಯಿತು. ಬಗ್ಗಿ ಆಯುವ ಶ್ರಮ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಅರಬ್ ದೇಶದ ತೈಲದ ಬಾವಿಯಲ್ಲಿ ಏನೋ ನಡೆದರೆ ಪಂತರಪಾಳ್ಯದ ಒಂದು ಮನೆಯ ಒಲೆ ತಣ್ಣಗಾಗುತ್ತದೆ.

ಜಗದ್ಗುರು 13ನೇ ಲಿಯೊ 1891ರಲ್ಲಿ ಹೊರಡಿಸಿದ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ಇದೇ ಬಗೆಯ ವಾದಕ್ಕೆ ಉತ್ತರವಿದೆ. ಕೂಲಿಯವನು ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಬೇರೆ ದಾರಿ ಕಾಣದೆ ಒಪ್ಪಿದ್ದರೆ ಅದು ಬಲಾತ್ಕಾರವೇ ಎಂಬುದು ಅದರ ತಾತ್ಪರ್ಯ. 2025ರಲ್ಲಿ ಆರಿಸಿ ಬಂದ ಜಗದ್ಗುರುಗಳು ಲಿಯೊ ಎಂಬ ಹೆಸರನ್ನು ಆರಿಸಿಕೊಂಡಾಗ ಈ ಪತ್ರವನ್ನೇ ನೆನಪಿಸಿದರು. ಚಿಂದಿ ಆಯುವವರು ಕೂಲಿಯವರಲ್ಲ, ಅವರಿಗೆ ಯಜಮಾನನೇ ಇಲ್ಲ. ಅವರ ಕೂಲಿ ಕಿಲೋ ದರದೊಳಗೆ ಅಡಗಿದೆ. ಹಾಗಾದರೆ ಆ ಕಿಲೋ ದರಕ್ಕೂ ನ್ಯಾಯ ಅನ್ಯಾಯದ ಮಾತು ಅನ್ವಯಿಸಬೇಡವೇ? ರೇಷನ್ ಅಂಗಡಿಗೆ ನಾವು ಎಷ್ಟು ಸೊಗಸಾದ ಹೆಸರಿಟ್ಟಿದ್ದೇವೆ, ನ್ಯಾಯಬೆಲೆ ಅಂಗಡಿ ಎಂದು. ಕೊಳ್ಳುವ ಬಡವರಿಗೆ ನ್ಯಾಯಬೆಲೆ ಇರುವಂತೆ ಮಾರುವ ಬಡವರಿಗೂ ಒಂದು ನ್ಯಾಯಬೆಲೆ ಇರಬೇಕು.

ಹಾಗೆ ಬೆಲೆ ಕೊಟ್ಟು ತೋರಿಸಿದ ಉದ್ಯಮಗಳು ಇಲ್ಲದೇ ಇಲ್ಲ. ಬೆಂಗಳೂರಿನ ಕೆ.ಕೆ. ಸಂಸ್ಥೆಯ ಅಹಮದ್ ಖಾನ್, ರಸೂಲ್ ಖಾನ್ ಸಹೋದರರು ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದವರು. ತಾವು ಮಾಡಿ ಮಾರಿದ್ದೇ ಊರಿಗೆ ಉಪದ್ರವವಾಗುತ್ತಿರುವುದನ್ನು ಕಂಡು, ಹಳೇ ಕವರುಗಳನ್ನು ಪುಡಿಮಾಡಿ ಡಾಂಬರಿನೊಡನೆ ಬೆರೆಸಿ ರಸ್ತೆ ಮಾಡುವ ದಾರಿ ಹಿಡಿದರು. ನಾಯಂಡಹಳ್ಳಿಯಿಂದ ಕೂಗಳತೆಯಲ್ಲಿರುವ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರೊ. ಜಸ್ಟೊ ಮತ್ತು ಪ್ರೊ. ವೀರರಾಘವನ್ 2002ರಲ್ಲಿ ಇದನ್ನು ಪರೀಕ್ಷಿಸಿ, ಡಾಂಬರಿನ ತೂಕದ ನೂರಕ್ಕೆ 8ರಷ್ಟು ಪ್ಲಾಸ್ಟಿಕ್ ಸೇರಿಸಿದರೆ ಮಿಶ್ರಣ ಗಟ್ಟಿಯಾಗುತ್ತದೆ, ಡಾಂಬರೂ ಉಳಿಯುತ್ತದೆ ಎಂದು ತೋರಿಸಿದರು. ರಸ್ತೆಯ ಗುಣವನ್ನು ಇಂಜಿನಿಯರುಗಳಿಗೆ ಬಿಡೋಣ. ನನ್ನ ಗಮನ ಸೆಳೆದದ್ದು ಬೆಲೆ. ಅಂದಿನ ವರದಿಗಳ ಪ್ರಕಾರ ಕಿಲೋಗೆ 40 ಪೈಸೆ ಮಾತ್ರ ಸಿಗುತ್ತಿದ್ದ ತೆಳು ಕವರುಗಳಿಗೆ ಈ ಸಂಸ್ಥೆ 6 ರೂಪಾಯಿ ಕೊಟ್ಟಿತು. ಯಾರೂ ಆಯದ ವಸ್ತುವನ್ನು ಆಯಲು ಯೋಗ್ಯವಾಗುವಂತೆ ಮಾಡಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ನೀರಿನ ಬಾಟಲಿಯನ್ನು ಆಯುವವರು ಹೇಗೂ ಆಯುತ್ತಿದ್ದರು. ಅದನ್ನು ಕೊಂಡು ಅಂಗಿ ಮಾಡಿದ ಕಂಪನಿ ಲೋಕಕ್ಕೆ ಹೊಸದಾಗಿ ಕೊಟ್ಟದ್ದು ಬಹಳವೇನಿಲ್ಲ. 2015ರ ವಿಶ್ವಕಪ್ಪಿನಲ್ಲಿ ನಮ್ಮ ಕ್ರಿಕೆಟ್ ತಂಡ ತೊಟ್ಟ ಒಂದೊಂದು ಉಡುಪಿಗೆ ಸರಾಸರಿ 33 ಬಾಟಲಿಗಳು ಬಳಕೆಯಾಗಿವೆ ಎಂದು ತಯಾರಿಸಿದ ನೈಕಿ ಕಂಪನಿ ಹೇಳಿಕೊಂಡಿತು. ಮಕ್ಕಳಿಗೆ ಹೇಳಲು ಚಂದದ ಲೆಕ್ಕ. ಆದರೆ ಬಾಟಲಿ ಮತ್ತೆ ಬಾಟಲಿಯಾಗಬಹುದು. ಅಂಗಿಯಾದ ಬಾಟಲಿ ಮತ್ತೊಮ್ಮೆ ಅಂಗಿಯಾಗುವುದು ಬಲು ಅಪರೂಪ. ರಸ್ತೆಗೆ ಸೇರಿದ ಕವರೂ ಅಷ್ಟೆ, ಹಿಂದಿರುಗಿ ಬಾರದು. ಇನ್ನು ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪೊಟ್ಟಣಗಳಿಗೆ ಗುಜರಿಯವರು ಕೈ ಮುಂದೆ ಮಾಡುವುದೇ ಇಲ್ಲ. ಅವುಗಳಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಬಿಡಿಸಲಾಗದಂತೆ ಅಂಟಿಕೊಂಡಿವೆ. ಸಿಮೆಂಟ್ ಕಾರ್ಖಾನೆಯ ಕುಲುಮೆಯೇ ಅವಕ್ಕೆ ಗತಿ. ಇಂಥ ಪೊಟ್ಟಣವನ್ನು ಕೋಟಿಗಟ್ಟಲೆ ಮಾರುತ್ತಾ, ಪಕ್ಕದಲ್ಲಿ ನಾಲ್ಕು ಬೆಂಚುಗಳನ್ನು ಹಳೇ ಪ್ಲಾಸ್ಟಿಕ್ಕಿನಿಂದ ಮಾಡಿ ಪಾರ್ಕಿಗೆ ದಾನ ಕೊಡುವ ಕಂಪನಿಗಳನ್ನು ಏನೆನ್ನೋಣ?

ಸಹಭಾಗಿತ್ವದ ಇನ್ನೊಂದು ಉದಾಹರಣೆ ಕೊಂಚ ದೂರದ್ದು. ಇಂಗ್ಲೆಂಡಿನ ‘ಬಾಡಿ ಶಾಪ್’ ಎಂಬ ಸೌಂದರ್ಯ ಸಾಧನಗಳ ಕಂಪನಿ 2019ರಲ್ಲಿ ‘ಪ್ಲಾಸ್ಟಿಕ್ಸ್ ಫಾರ್ ಚೇಂಜ್’ ಎಂಬ ಸಂಸ್ಥೆಯ ಮೂಲಕ, ಬೆಂಗಳೂರಿನ ಚಿಂದಿ ಆಯುವವರು ಸಂಗ್ರಹಿಸಿದ 250 ಟನ್ ಪ್ಲಾಸ್ಟಿಕ್ಕನ್ನು ಆ ವರ್ಷ ಕೊಳ್ಳುವುದಾಗಿ ಪ್ರಕಟಿಸಿತು. ಏರಿಳಿತವಿಲ್ಲದ ನ್ಯಾಯಬೆಲೆ ಕೊಡುತ್ತೇವೆಂಬುದು ಅದರ ಮುಖ್ಯ ಮಾತು. ನಮ್ಮ ಬೀದಿಯ ಬಾಟಲಿ ಲಂಡನ್ನಿನ ಸ್ನಾನದ ಮನೆ ಸೇರಿತು. ಆದರೆ 2024ರ ಫೆಬ್ರವರಿಯಲ್ಲಿ ಆ ಕಂಪನಿಯ ಬ್ರಿಟನ್ ಶಾಖೆಯೇ ದಿವಾಳಿಯ ಹಂತ ತಲುಪಿ, ಅದೇ ವರ್ಷ ಬೇರೆ ಮಾಲೀಕರ ಕೈ ಸೇರಿತು. ಒಬ್ಬನೇ ದೊಡ್ಡ ಗಿರಾಕಿಯ ಒಳ್ಳೆಯತನವನ್ನು ನಂಬಿ ಬಡವರ ಬದುಕು ಕಟ್ಟುವುದು ಎಷ್ಟು ಅಸ್ಥಿರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಹಭಾಗಿತ್ವ ಎನ್ನುವವರು ಸಾಮಾನ್ಯವಾಗಿ ಮೊದಲು ಬೈಯುವುದು ಗುಜರಿ ಅಂಗಡಿಯವನನ್ನು. ಮಧ್ಯವರ್ತಿಯನ್ನು ತೆಗೆದುಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಅಷ್ಟು ಸುಲಭವಲ್ಲ. ಗುಜರಿಯವನು ತೂಕದಲ್ಲಿ ಕೈಚಳಕ ತೋರಿಸಬಹುದು, ಆದರೆ ಸಂಜೆ ಐದಕ್ಕೆ ಚೀಲ ಇಳಿಸಿದರೆ ಐದೂ ಹತ್ತಕ್ಕೆ ನಗದು ಎಣಿಸುತ್ತಾನೆ. ಮಗುವಿಗೆ ಜ್ವರ ಬಂದರೆ ಮುಂಗಡ ಕೊಡುತ್ತಾನೆ. ಆಕೆಯ ಬ್ಯಾಂಕೂ ಅವನೇ, ಚೀಟಿ ವ್ಯವಹಾರವೂ ಅವನೇ. ದೊಡ್ಡ ಕಂಪನಿಯೋ ಬಿಲ್ಲು ಕಳಿಸಿದ 60, 90 ದಿನಗಳ ಮೇಲೆ ಹಣ ಕೊಡುವ ಅಭ್ಯಾಸದ್ದು. ಸಣ್ಣ ಉದ್ಯಮಗಳ ಬಾಕಿಯನ್ನು 45 ದಿನಗಳೊಳಗೆ ತೀರಿಸಬೇಕೆಂದು 2006ರ ಕಾಯಿದೆ ಹೇಳಿದರೂ ಆ ಅಭ್ಯಾಸ ಹೋಗಿಲ್ಲ. ಇಂದು ಆಯ್ದು ಇಂದೇ ಅಕ್ಕಿ ಕೊಳ್ಳಬೇಕಾದ ತಾಯಿ ತೊಂಬತ್ತು ದಿನ ಕಾಯಬಲ್ಲಳೇ? ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಅದನ್ನು ಬರೆದವರಿಗೆ ಹಸಿವಿನ ಗಡಿಯಾರ ಚೆನ್ನಾಗಿ ಗೊತ್ತಿತ್ತು. ಹಸಿರು ಎಲೆಯ ಕಂಪನಿಯೊಂದು ನಿಜವಾಗಿ ಏನಾದರೂ ಮಾಡಬಯಸಿದರೆ ಜಾಹೀರಾತಿಗೆ ಮೊದಲು ತನ್ನ ಲೆಕ್ಕಪತ್ರ ವಿಭಾಗವನ್ನು ತಿದ್ದಲಿ. ಮುಂಗಡ ಹಣವನ್ನು ಸಂಗ್ರಹ ಕೇಂದ್ರದಲ್ಲಿ ಇಟ್ಟರೆ ಅಲ್ಲಿ ದಿನದ ಸಂಜೆಯೇ ನಗದು ಕೊಡಬಹುದು. ನಾಲ್ಕು ಭಾಷಣಕ್ಕಿಂತ ಇದು ಹೆಚ್ಚು.

ರೂತಳ ಕಥೆಯ ಬೋವಜ ಅಂಥ ವ್ಯವಹಾರಸ್ಥ. ಅವನು ರೂತಳನ್ನು ಕರೆದು ಒಂದು ಮೂಟೆ ಜವೆಗೋದಿ ಕೊಟ್ಟು ಮನೆಗೆ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಬದಲಿಗೆ ಕೊಯ್ಲಿನ ಆಳುಗಳಿಗೆ ಆಜ್ಞೆ ಮಾಡಿದ: ಆಕೆಯನ್ನು ಯಾರೂ ಅವಮಾನಿಸಬಾರದು, ಕಟ್ಟುಗಳಿಂದ ಬೇಕೆಂದೇ ಒಂದಿಷ್ಟು ತೆನೆ ಎಳೆದು ಬಿಡಬೇಕು, ದಣಿದಾಗ ಆಳುಗಳ ಹೂಜಿಯ ನೀರನ್ನೇ ಆಕೆ ಕುಡಿಯಬೇಕು. ಅವನು ತಿದ್ದಿದ್ದು ತನ್ನ ಹೊಲದ ಕೆಲಸದ ಕ್ರಮವನ್ನು.

ಇದೆಲ್ಲ ದೊಡ್ಡ ಕಂಪನಿಗಳ ಮಾತಾಯಿತು, ನಮಗೇನು ಎಂದು ನೀವು ಕೇಳಬಹುದು. ನಮ್ಮಲ್ಲಿ ಹೊಲಿಗೆ ಘಟಕ ನಡೆಸುವವರಿದ್ದಾರೆ, ಮುದ್ರಣಾಲಯ ಇಟ್ಟವರಿದ್ದಾರೆ, ಬೇಕರಿ, ಕೇಟರಿಂಗ್ ಮಾಡುವವರಿದ್ದಾರೆ. ಮದುವೆಯ ಕರೆಯೋಲೆ ಅಚ್ಚು ಹಾಕುವ ಪ್ರೆಸ್ಸಿನವರು ಹೊಳೆಯುವ ಪ್ಲಾಸ್ಟಿಕ್ ಪದರ ಅಂಟಿಸದೆ ಕೊಟ್ಟರೆ ಆ ಕಾಗದ ಮತ್ತೆ ಕಾಗದವಾಗುವುದು ಸುಲಭ, ಅಂಟಿಸಿದರೆ ಕಷ್ಟ. ಹೊಲಿಗೆಯ ಕತ್ತರಿ ಚೂರುಗಳನ್ನು ಹತ್ತಿ ಬೇರೆ, ಪಾಲಿಯೆಸ್ಟರ್ ಬೇರೆ ಮಾಡಿ ಕೊಟ್ಟರೆ ಒಳ್ಳೆಯ ದರ ಸಿಗುತ್ತದೆ. ಕೂಡಿಸಿದರೆ ಹಾಸಿಗೆಗೆ ತುಂಬುವುದಕ್ಕಷ್ಟೇ. ಧರ್ಮಕೇಂದ್ರದ ಹಬ್ಬದ ಊಟಕ್ಕೆ ಸ್ಟೀಲ್ ತಟ್ಟೆ ತರಿಸಿದರೆ ತೊಳೆಯುವವರಿಗೆ ಕೂಲಿ ಕೊಡಬೇಕಾಗುತ್ತದೆ ನಿಜ. ಎಸೆಯುವ ತಟ್ಟೆಯ ದುಡ್ಡು ಕಾರ್ಖಾನೆಗೆ ಹೋಗುವ ಬದಲು ನಾಲ್ಕು ಮನೆಗೆ ಹೋಗುತ್ತದೆ. ಕಳೆದ ವರ್ಷದ ಗರಿಗಳನ್ನೇ ಸುಟ್ಟು ವಿಭೂತಿ ಬುಧವಾರಕ್ಕೆ ಬೂದಿ ಮಾಡುವ ನಮಗೆ ಇದು ಹೊಸ ಪಾಠವಲ್ಲ.

ನಮ್ಮ ದೇಶದಲ್ಲಿ ಪ್ಯಾಕಿಂಗ್ ಮಾಡುವ ಕಂಪನಿಗಳೇ ಅದರ ಕಸಕ್ಕೆ ಹೊಣೆ ಎಂದು ಕಾನೂನು ಬಂದಿದೆ. ಕಾನೂನು ಬಂದ ಬೆನ್ನಿಗೇ ಮೋಸವೂ ಬಂದಿತು. ಇಷ್ಟು ಪ್ಲಾಸ್ಟಿಕ್ ಮರುಸಂಸ್ಕರಿಸಿದ್ದೇವೆ ಎಂಬ ಪ್ರಮಾಣಪತ್ರಗಳನ್ನು ಕಂಪನಿಗಳು ಕೊಳ್ಳಬಹುದು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ಕೆಲವು ಘಟಕಗಳಿಂದ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಹೊರಬಂದಿರುವುದು ಪತ್ತೆಯಾಯಿತು. ಯಾರೂ ಆಯದ, ಯಾರೂ ತೊಳೆಯದ, ಎಲ್ಲೂ ಇಲ್ಲದ ಪ್ಲಾಸ್ಟಿಕ್! ಕಾಗದದ ಮೇಲಿನ ಹಕ್ಕಲಿಗೆ ಬೆನ್ನು ಬಗ್ಗಿಸಬೇಕಾಗಿಲ್ಲ. ನಾಯಂಡಹಳ್ಳಿಯ ನಿಜವಾದ ರಾಶಿಯ ಬೆಲೆಯನ್ನು ಇಂಥ ಸುಳ್ಳು ರಾಶಿ ತಗ್ಗಿಸುತ್ತದೆ. ಆದ್ದರಿಂದ ಇದು ಸರ್ಕಾರಕ್ಕೆ ಮಾಡಿದ ವಂಚನೆ ಮಾತ್ರವಲ್ಲ, ಬಡವರ ತಟ್ಟೆಯಿಂದ ಕದ್ದ ಅನ್ನವೂ ಹೌದು.

2022ರ ನಿಯಮ ಇನ್ನೂ ಒಂದು ಗುರಿ ಇಟ್ಟಿತು. ಬಾಟಲಿ, ಡಬ್ಬಿಗಳಂಥ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ 2025–26ರಲ್ಲಿ ನೂರಕ್ಕೆ 30ರಷ್ಟು ಮರುಸಂಸ್ಕರಿಸಿದ ವಸ್ತು ಇರಬೇಕು, 2028–29ರ ಹೊತ್ತಿಗೆ ಅದು 60ಕ್ಕೆ ಏರಬೇಕು ಎಂಬುದು ಆ ಗುರಿ. ಅಂದರೆ ಇಷ್ಟವಿರಲಿ ಬಿಡಲಿ, ಕಂಪನಿಗಳು ಹಳೇ ಪ್ಲಾಸ್ಟಿಕ್ಕಿಗಾಗಿ ಸಂಗ್ರಹ ಕೇಂದ್ರಗಳ, ಗೋದಾಮುಗಳ ಬಾಗಿಲು ತಟ್ಟಲೇಬೇಕು. ಕರಾರು ಪತ್ರಗಳು ಸಿದ್ಧವಾಗುವ ಕಾಲ ಇದೇ. ಅವುಗಳಲ್ಲಿ ಎಷ್ಟು ಟನ್, ಯಾವ ಬಣ್ಣ, ಯಾವ ಗುಣಮಟ್ಟ ಎಂದೆಲ್ಲ ಬರೆದಿರುತ್ತದೆ. ತೈಲದ ಬೆಲೆ ಎಷ್ಟೇ ಬಿದ್ದರೂ ಆಯುವವರಿಗೆ ಕಿಲೋಗೆ ಇಷ್ಟಕ್ಕಿಂತ ಕಡಿಮೆ ಸಿಗಕೂಡದು, ಅದೂ ಅದೇ ದಿನ ಸಿಗಬೇಕು ಎಂದು ಒಂದು ಸಾಲು ಸೇರಿಸಲು ಜಾಗ ಇನ್ನೂ ಇದೆ. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಪಂತರಪಾಳ್ಯದ ಓಣಿಯಿಂದ ಹೊರಡುವ ತಾಯಿಗೆ ಸಂಜೆಯ ದರ ಆಗ ಮೊದಲೇ ಗೊತ್ತಿರುತ್ತದೆ.